ಬೆಲೆ ಬೇರೆ, ಬಲ ಬೇರೆ: ಸಂಗ್ರಹ ಕಾರ್ಡಿನ ಮೌಲ್ಯಮಾಪನ

ಆಟಿಕೆ ಮತ್ತು ಲೇಖನ ಸಾಮಗ್ರಿಗಳ ವ್ಯಾಪಾರದಲ್ಲಿರುವ ಸದಸ್ಯರಿಗೆ ಸಂಗ್ರಹ ಕಾರ್ಡುಗಳು ಹೊಸ ಸರಕೇನಲ್ಲ. ಇವುಗಳಲ್ಲಿ ಕೆಲವನ್ನು ಕೂಡಿಡುವುದಷ್ಟೇ ಉದ್ದೇಶ. ಮತ್ತೆ ಕೆಲವನ್ನು ಕೂಡಿಟ್ಟು ಆಡಲೂಬಹುದು. ಈ ಎರಡನೆಯ ಬಗೆಗೆ ನಾಂದಿಯಾದದ್ದು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ರೂಪಿಸಿ, ಅಮೆರಿಕದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯು 1993ರಲ್ಲಿ ಹೊರತಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’. ಆ ಸಂಸ್ಥೆಯನ್ನು 1999ರಲ್ಲಿ ಹ್ಯಾಸ್ಬ್ರೋ ಕಂಪನಿಯು ಕೊಂಡುಕೊಂಡಿತು.

ಈ ಕಾರ್ಡುಗಳು ಒಳಗೇನಿದೆಯೆಂದು ತಿಳಿಯದ ಮೊಹರಾದ ಪೊಟ್ಟಣಗಳಲ್ಲಿಯೂ ಬಿಡಿಬಿಡಿಯಾಗಿಯೂ ಮಾರಾಟವಾಗುತ್ತವೆ. ಬಿಡಿ ಕಾರ್ಡನ್ನು ಕೊಳ್ಳುವವನು ಅದರ ಬಲವನ್ನು ತೂಗಿ ನೋಡಲೇಬೇಕು. ಬಲವೆಂದರೆ ಆಟದಲ್ಲಿ ಅದು ಮಾಡುವ ಕೆಲಸ. ಬೆಲೆಯೆಂದರೆ ಪೇಟೆಯಲ್ಲಿ ಅದಕ್ಕೆ ಸಿಗುವ ಹಣ. ಇವೆರಡನ್ನೂ ಒಂದೇ ಎಂದು ಭಾವಿಸಿ ಬಂಡವಾಳ ತೊಡಗಿಸಿದವರಿಗೆ ನಷ್ಟವಾಗುವ ಸಂಭವ ಹೆಚ್ಚು. ಆದುದರಿಂದ ಈ ಮೌಲ್ಯಮಾಪನದ ಕ್ರಮವನ್ನು ಇಲ್ಲಿ ಸಂಕ್ಷಿಪ್ತವಾಗಿ ವಿವರಿಸಲಾಗಿದೆ.

ಆಟದ ಬಂಡವಾಳ

ಸಾಮಾನ್ಯ ಪದ್ಧತಿಯ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ಕನಿಷ್ಠ 60 ಕಾರ್ಡುಗಳ ಕಟ್ಟನ್ನು ತಾನೇ ಹೊಂದಿಸಿಕೊಂಡು ಬರುತ್ತಾನೆ. ಮೂಲ ಭೂಮಿ ಕಾರ್ಡುಗಳನ್ನು ಬಿಟ್ಟರೆ, ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಆರಂಭದಲ್ಲಿ ಕೈಯಲ್ಲಿ 7 ಕಾರ್ಡು, ಖಾತೆಯಲ್ಲಿ 20 ಜೀವಾಂಕ. ಸರದಿಗೊಂದರಂತೆ ಹೊಸ ಕಾರ್ಡು ಬರುತ್ತದೆ; ಸರದಿಗೆ ಒಂದೇ ಭೂಮಿ ಕಾರ್ಡನ್ನು ಇಳಿಸಬಹುದು. ಭೂಮಿಯಿಂದ ‘ಮಾನಾ’ ಎಂಬ ಶಕ್ತಿ ದೊರೆಯುತ್ತದೆ. ಉಳಿದ ಕಾರ್ಡುಗಳನ್ನು ಆಡಲು ತೆರಬೇಕಾದ ನಾಣ್ಯವೇ ಇದು. ಎದುರಾಳಿಯ ಜೀವಾಂಕವನ್ನು ಸೊನ್ನೆಗೆ ಇಳಿಸುವುದು ಗೆಲುವಿನ ಮುಖ್ಯ ಮಾರ್ಗ.

ಹೀಗೆ ಆಟಗಾರನ ಬಂಡವಾಳ ಮೂರು ಬಗೆಯದು: ಮಾನಾ, ಕೈಯಲ್ಲಿರುವ ಕಾರ್ಡುಗಳು ಮತ್ತು ಸಮಯ. ಯಾವ ಕಾರ್ಡನ್ನು ಆಡಿದರೂ ಈ ಮೂರರಲ್ಲಿ ಏನಾದರೂ ಖರ್ಚು ಬೀಳುತ್ತದೆ. ಖರ್ಚಿಗೆ ಪ್ರತಿಯಾಗಿ ಬಂದುದೇನು ಎಂಬುದೇ ಮೊದಲ ಪ್ರಶ್ನೆ.

1. ವೆಚ್ಚಕ್ಕೆ ತಕ್ಕ ಫಲ

‘ಲೈಟ್ನಿಂಗ್ ಬೋಲ್ಟ್’ ಕಾರ್ಡು ಒಂದು ಕೆಂಪು ಮಾನಾಕ್ಕೆ 3 ಅಂಕಗಳ ಹಾನಿ ಮಾಡುತ್ತದೆ. ‘ಶಾಕ್’ ಕಾರ್ಡು ಅದೇ ವೆಚ್ಚಕ್ಕೆ 2 ಅಂಕಗಳ ಹಾನಿ ಮಾಡುತ್ತದೆ. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ 20 ಅಂಕಗಳನ್ನು ಕಳೆಯಲು ಮೊದಲನೆಯ ಬಗೆಯ 7 ಪ್ರಹಾರಗಳು ಸಾಕು. ಎರಡನೆಯ ಬಗೆಯವು 10 ಬೇಕು. ಸರದಿಗೆ ಒಂದೇ ಹೊಸ ಕಾರ್ಡು ಬರುವ ಆಟದಲ್ಲಿ ಈ ಮೂರು ಕಾರ್ಡುಗಳ ಅಂತರವು ಮೂರು ಸರದಿಗಳ ವಿಳಂಬಕ್ಕೆ ಸಮ. ಕಾರ್ಡನ್ನು ತೂಗುವಾಗ ಅದೇ ವೆಚ್ಚದ ಬೇರೊಂದು ಕಾರ್ಡನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡುವುದು ಅವಶ್ಯಕ.

2. ದಾಸ್ತಾನಿನ ಲೆಕ್ಕ

‘ಡಿವಿನೇಷನ್’ ಕಾರ್ಡಿಗೆ 3 ಮಾನಾ ವೆಚ್ಚ. ಅದರಿಂದ 2 ಕಾರ್ಡು ದೊರೆಯುತ್ತವೆ. ಆಡಿದ ಕಾರ್ಡನ್ನೇ ಖರ್ಚಿಗೆ ಹಾಕಿದರೆ ನಿವ್ವಳ ಲಾಭ ಒಂದು ಕಾರ್ಡು. 1993ರ ‘ಆನ್ಸೆಸ್ಟ್ರಲ್ ರೀಕಾಲ್’ ಒಂದೇ ಮಾನಾಕ್ಕೆ 3 ಕಾರ್ಡು ಕೊಡುತ್ತದೆ. ನಿವ್ವಳ ಲಾಭ ಎರಡು. ಮೂರನೇ ಒಂದು ಭಾಗದ ವೆಚ್ಚದಲ್ಲಿ ಇಮ್ಮಡಿ ಲಾಭ! ಇಂತಹ ಕಾರ್ಡಿಗೆ ಪಂದ್ಯಗಳಲ್ಲಿ ಕಠಿಣ ನಿರ್ಬಂಧ ಬಿದ್ದುದರಲ್ಲಿ ಆಶ್ಚರ್ಯವಿಲ್ಲ.

3. ಸಮಯದ ಮೌಲ್ಯ

ಅತಿ ಪ್ರಸಿದ್ಧವಾದ ‘ಬ್ಲ್ಯಾಕ್ ಲೋಟಸ್’ ಯಾವ ಮಾನಾ ವೆಚ್ಚವೂ ಇಲ್ಲದೆ, ತಾನು ಬಲಿಯಾಗಿ, ಒಂದೇ ಬಣ್ಣದ 3 ಮಾನಾ ಕೊಡುತ್ತದೆ. ಮೊದಲ ಸರದಿಯಲ್ಲಿ ಒಂದು ಭೂಮಿಯೊಡನೆ ಇದು ಸೇರಿದರೆ, ಸಾಮಾನ್ಯವಾಗಿ ನಾಲ್ಕನೆಯ ಸರದಿಗೆ ಬರಬೇಕಾದ ಸಾಮರ್ಥ್ಯ ಅಂದೇ ಬರುತ್ತದೆ. ಆದರೆ ಹತ್ತನೆಯ ಸರದಿಯಲ್ಲಿ, ಮಾನಾ ಧಾರಾಳವಾಗಿರುವಾಗ, ಇದೇ ಕಾರ್ಡಿನ ಪ್ರಯೋಜನ ಬಹಳ ಕಡಿಮೆ. ಹಂಗಾಮಿನ ಆರಂಭದಲ್ಲಿ ದೊರೆತ ಸಾಲಕ್ಕೂ ಹಂಗಾಮು ಮುಗಿದ ಮೇಲೆ ದೊರೆತ ಸಾಲಕ್ಕೂ ಇರುವ ಅಂತರವನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

4. ಸಹವಾಸದ ಬಲ

2004ರ ಫೆಬ್ರವರಿಯಲ್ಲಿ ಬಂದ ‘ಸ್ಕಲ್‌ಕ್ಲ್ಯಾಂಪ್’ ಒಂದು ಆಯುಧ. ಇದನ್ನು ತೊಟ್ಟ ಜೀವಿಯ ಪ್ರಹಾರ ಶಕ್ತಿ ಒಂದು ಹೆಚ್ಚುತ್ತದೆ, ತಾಳಿಕೆ ಒಂದು ಕುಗ್ಗುತ್ತದೆ; ಜೀವಿ ಸತ್ತರೆ ಒಡೆಯನಿಗೆ 2 ಕಾರ್ಡು ದೊರೆಯುತ್ತವೆ. ತಾಳಿಕೆ ಕುಗ್ಗುವುದು ಮೇಲ್ನೋಟಕ್ಕೆ ದೋಷ. ಆದರೆ ತಾಳಿಕೆ ಒಂದೇ ಇರುವ ಅಗ್ಗದ ಜೀವಿಗೆ ಇದನ್ನು ತೊಡಿಸಿದರೆ ಜೀವಿ ತಕ್ಷಣ ಸಾಯುತ್ತದೆ. ಒಂದು ಮಾನಾಕ್ಕೆ 2 ಕಾರ್ಡು ಕೈಸೇರುತ್ತವೆ. ಆಯುಧವು ಮುಂದಿನ ಜೀವಿಗೆ ಹಾಗೆಯೇ ಉಳಿಯುತ್ತದೆ. ಹೊಣೆಯೆಂದು ಕಂಡುದೇ ಆಸ್ತಿಯಾಯಿತು. ಅದೇ ವರ್ಷದ ಜೂನ್‌ನಲ್ಲಿ ‘ಸ್ಟ್ಯಾಂಡರ್ಡ್’ ಪದ್ಧತಿಯ ಪಂದ್ಯಗಳಲ್ಲಿ ಇದನ್ನು ನಿಷೇಧಿಸಲಾಯಿತು. ಇದು ಅತಿ ವಿರಳ ಶ್ರೇಣಿಯ ಕಾರ್ಡಾಗಿರಲಿಲ್ಲ ಎಂಬುದು ಗಮನಾರ್ಹ. ಜೀವಿಗಳೇ ಇಲ್ಲದ ಕಟ್ಟಿನಲ್ಲಿ ಇದರ ಬಲ ಸೊನ್ನೆ.

5. ಅಂಗಳ ಬದಲಾದರೆ

‘ಕಮಾಂಡರ್’ ಎಂಬ ಪದ್ಧತಿಯಲ್ಲಿ ಕಟ್ಟು 100 ಕಾರ್ಡುಗಳದು, ಜೀವಾಂಕ 40, ಎದುರಾಳಿಗಳು ಸಾಮಾನ್ಯವಾಗಿ ಮೂವರು. ಲೈಟ್ನಿಂಗ್ ಬೋಲ್ಟ್‌ನ 3 ಅಂಕಗಳು ಇಬ್ಬರ ಆಟದಲ್ಲಿ ಎದುರಾಳಿಯ ಜೀವಾಂಕದ ಶೇ. 15, ಇಲ್ಲಿ ಮೂವರ ಒಟ್ಟು 120 ಅಂಕಗಳಲ್ಲಿ ಕೇವಲ ಶೇ. 2.5. ಕಾರ್ಡು ಅದೇ, ಅಕ್ಷರಗಳೂ ಅವೇ; ಬಲ ಮಾತ್ರ ಬೇರೆ.

ಪೇಟೆಯ ಬೆಲೆ

ಬಲಕ್ಕೆ ಇಷ್ಟು ಕಾರಣಗಳಾದರೆ, ಬೆಲೆಗೆ ವಿರಳತೆಯೂ ಸೇರಿಕೊಳ್ಳುತ್ತದೆ. ಕೆಲವು ಹಳೆಯ ಕಾರ್ಡುಗಳನ್ನು ಮತ್ತೆ ಮುದ್ರಿಸುವುದಿಲ್ಲವೆಂದು ಸಂಸ್ಥೆಯು 1996ರಲ್ಲಿ ಪಟ್ಟಿಯೊಂದನ್ನು ಪ್ರಕಟಿಸಿತು. ಬ್ಲ್ಯಾಕ್ ಲೋಟಸ್ ಅದರಲ್ಲಿದೆ. 2021ರ ಜನವರಿಯಲ್ಲಿ ಅದರ ಮೊದಲ ಮುದ್ರಣದ ಅತ್ಯುತ್ತಮ ಸ್ಥಿತಿಯ ಪ್ರತಿಯೊಂದು ಹರಾಜಿನಲ್ಲಿ 5 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಹೋಯಿತು. ಲೈಟ್ನಿಂಗ್ ಬೋಲ್ಟ್ ಹಲವು ಬಾರಿ ಮರುಮುದ್ರಣಗೊಂಡಿರುವುದರಿಂದ, ಬಲಶಾಲಿಯಾದರೂ ಅದರ ಸಾಮಾನ್ಯ ಪ್ರತಿ ಅಗ್ಗ.

ಇದಕ್ಕಿಂತ ಮುಖ್ಯವಾದ ಪಾಠ 2020ರ ‘ಜ್ಯೂಯೆಲ್ಡ್ ಲೋಟಸ್’ ಕಾರ್ಡಿನದು. ಇದೂ ವೆಚ್ಚವಿಲ್ಲದೆ 3 ಮಾನಾ ಕೊಡುತ್ತದೆ; ಆದರೆ ಕಮಾಂಡರ್ ಕಾರ್ಡನ್ನು ಆಡಲು ಮಾತ್ರ. ಕಮಾಂಡರ್ ಇಲ್ಲದ ಪದ್ಧತಿಗಳಲ್ಲಿ ಇದಕ್ಕೆ ಕೆಲಸವೇ ಇಲ್ಲ. 2024ರ ಸೆಪ್ಟೆಂಬರ್ 23ರಂದು ಕಮಾಂಡರ್ ಪದ್ಧತಿಯಲ್ಲಿಯೇ ಇದನ್ನು ನಿಷೇಧಿಸಿದಾಗ ಬೆಲೆ ಕುಸಿಯಿತು. ಒಬ್ಬನೇ ಗಿರಾಕಿಗಾಗಿ ಬಿಡಿಭಾಗ ತಯಾರಿಸುವ ಸಣ್ಣ ಕೈಗಾರಿಕೆಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಸರಕಿನಲ್ಲಿ ಲೋಪವಿಲ್ಲದಿದ್ದರೂ ಆ ಒಬ್ಬ ಗಿರಾಕಿ ಬೇಡವೆಂದರೆ ಅದು ಮೂಲೆ ಸೇರುತ್ತದೆ.

ಇಂತಹ ಸರಕನ್ನು ದಾಸ್ತಾನು ಮಾಡುವವರು ಲೆಕ್ಕಪತ್ರ ಮಾನಕ 2ನ್ನು ನೆನಪಿಡಬೇಕು. ವರ್ಷಾಂತ್ಯದ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಅದನ್ನೂ ಸಾಮಾನ್ಯವಾಗಿ ಬಾಬುವಾರು ಲೆಕ್ಕ ಹಾಕಬೇಕು. ಒಂದು ಕಾರ್ಡಿನ ಬೆಲೆ ಏರಿತೆಂದು ಇನ್ನೊಂದರ ಇಳಿಕೆಯನ್ನು ಮುಚ್ಚುವಂತಿಲ್ಲ.

ಕೊಳ್ಳುವ ಮುನ್ನ

ಒಟ್ಟಿನಲ್ಲಿ, ಬಿಡಿ ಕಾರ್ಡಿಗೆ ಹಣ ಕೊಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು: ಅದೇ ವೆಚ್ಚಕ್ಕೆ ಇದಕ್ಕಿಂತ ಹೆಚ್ಚಿನ ಫಲ ಕೊಡುವ ಕಾರ್ಡು ಇದೆಯೇ? ಖರ್ಚಾದ ಕಾರ್ಡಿಗೆ ಪ್ರತಿಯಾಗಿ ಎಷ್ಟು ಬರುತ್ತದೆ? ಯಾವ ಹಂತದಲ್ಲಿ ಉಪಯುಕ್ತ? ಯಾವ ಕಾರ್ಡುಗಳ ಜೊತೆ ಬೇಕು? ಎಷ್ಟು ಪದ್ಧತಿಗಳಲ್ಲಿ ನಡೆಯುತ್ತದೆ? ಮರುಮುದ್ರಣವಾಗಬಹುದೇ? ಮೊದಲ ಐದು ಬಲವನ್ನು ತಿಳಿಸುತ್ತವೆ. ಕೊನೆಯ ಎರಡು, ಕೊಟ್ಟ ಬೆಲೆ ಉಳಿಯುವುದೇ ಎಂಬುದನ್ನು ಸೂಚಿಸುತ್ತವೆ. ಐದನೆಯ ಪ್ರಶ್ನೆ ಎರಡೂ ಕಡೆ ಸಲ್ಲುವುದರಿಂದ, ವರ್ತಕರು ಅದನ್ನೇ ಮೊದಲು ಕೇಳುವುದು ಕ್ಷೇಮಕರ.