ಮೇಜಿನ ಗಣಕಯಂತ್ರಗಳಲ್ಲಿ ದ್ರವದ ಮೂಲಕ ಶಾಖನಿವಾರಣೆ

ಗಣಕಯಂತ್ರವು ಎಷ್ಟೇ ಸೂಕ್ಷ್ಮವಾದ ಗಣಿತವನ್ನು ಮಾಡಲಿ, ಭೌತಶಾಸ್ತ್ರದ ದೃಷ್ಟಿಯಿಂದ ಅದು ಒಂದು ವಿದ್ಯುತ್ ಒಲೆಯೇ ಸರಿ. ಅದರ ಪ್ರೊಸೆಸರು ಸೇವಿಸುವ ವಿದ್ಯುಚ್ಛಕ್ತಿಯೆಲ್ಲವೂ ಕಟ್ಟಕಡೆಗೆ ಶಾಖವಾಗಿ ಪರಿಣಮಿಸುತ್ತದೆ. ಆ ಶಾಖವನ್ನು ಹೊರಕ್ಕೆ ಸಾಗಿಸದಿದ್ದರೆ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದೆ ಹೋದರೆ ಯಂತ್ರವು ನಿಂತುಬಿಡುತ್ತದೆ. ಈ ಶಾಖವನ್ನು ನಿವಾರಿಸಲು ಕೆಲವು ವರ್ಷಗಳಿಂದ ಅಂಗಡಿಗಳಲ್ಲಿ ‘ಆಲ್ ಇನ್ ಒನ್ ಲಿಕ್ವಿಡ್ ಕೂಲರ್’ ಎಂಬ ಸಾಧನವು ದೊರೆಯುತ್ತಿದೆ. ಪಂಪು, ಕೊಳವೆ, ರೇಡಿಯೇಟರು ಮತ್ತು ದ್ರವ ಎಲ್ಲವನ್ನೂ ಕಾರ್ಖಾನೆಯಲ್ಲಿಯೇ ಜೋಡಿಸಿ ಮುಚ್ಚಿ ಕೊಡುವುದರಿಂದ ಅದಕ್ಕೆ ಆ ಹೆಸರು ಬಂದಿದೆ. ಈ ಲೇಖನದಲ್ಲಿ ಅದನ್ನು ‘ಸಂಯುಕ್ತ ದ್ರವಶೀತಕ’ ಎಂದು ಕರೆಯುತ್ತೇವೆ.

ಈ ಸಾಧನದ ವಿಷಯದಲ್ಲಿ ವಿದ್ಯಾರ್ಥಿಗಳಲ್ಲಿ ಎರಡು ವಿರುದ್ಧ ಭಾವನೆಗಳಿರುವುದನ್ನು ಕಂಡಿದ್ದೇವೆ. ನೀರು ತಣ್ಣಗಿರುವ ವಸ್ತುವಾದುದರಿಂದ ಪ್ರೊಸೆಸರನ್ನು ಅದು ತಣ್ಣಗೆ ಮಾಡಿಯೇ ತೀರುತ್ತದೆಂಬುದು ಒಂದು. ನೀರೂ ವಿದ್ಯುತ್ತೂ ಒಂದೆಡೆ ಸೇರಿದರೆ ಅನಾಹುತ ತಪ್ಪದೆಂಬುದು ಇನ್ನೊಂದು. ಮೊದಲನೆಯ ಭಾವನೆಯಿಂದ ಹಣವು ವ್ಯರ್ಥವಾಗಬಹುದು; ಎರಡನೆಯದರಿಂದ ಉಪಯುಕ್ತವಾದ ಸಾಧನವೊಂದು ದೂರವಾಗಬಹುದು. ಕಾಲೇಜಿನ ಪ್ರಯೋಗಶಾಲೆಗೆ ಯಂತ್ರಗಳನ್ನು ಕೊಳ್ಳುವ ಅಧ್ಯಾಪಕರಿಗೂ, ಮಿತವಾದ ಹಣದಲ್ಲಿ ಸ್ವಂತ ಯಂತ್ರವನ್ನು ಕಟ್ಟಿಕೊಳ್ಳುವ ವಿದ್ಯಾರ್ಥಿಗಳಿಗೂ ನೆರವಾಗಲೆಂದು ಇದರ ತತ್ತ್ವವನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

೧. ಸಮಸ್ಯೆಯ ಸ್ವರೂಪ

೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ವೈಯಕ್ತಿಕ ಗಣಕಯಂತ್ರದಲ್ಲಿ ಪ್ರೊಸೆಸರಿನ ಮೇಲೆ ಶಾಖವನ್ನು ಹರಡುವ ಲೋಹದ ತುಂಡು ಕೂಡ ಇರಲಿಲ್ಲ. ಕೆಲವೇ ವಾಟ್‌ಗಳಷ್ಟು ಶಾಖವು ತಾನಾಗಿಯೇ ಗಾಳಿಗೆ ಸೇರಿಹೋಗುತ್ತಿತ್ತು. ೨೦೨೩ರಲ್ಲಿ ಬಂದ ಇಂಟೆಲ್ ಸಂಸ್ಥೆಯ ಕೋರ್ ಐ೯-೧೪೯೦೦ಕೆ ಎಂಬ ಪ್ರೊಸೆಸರಾದರೋ ಪೂರ್ಣ ವೇಗದಲ್ಲಿ ೨೫೩ ವಾಟ್‌ಗಳವರೆಗೆ ಶಕ್ತಿಯನ್ನು ಸೇವಿಸಬಹುದೆಂದು ತಯಾರಕರೇ ಹೇಳಿದ್ದಾರೆ. ಅದರ ಉಷ್ಣತೆಯು ೧೦೦ ಡಿಗ್ರಿ ಸೆಲ್ಸಿಯಸನ್ನು ಮೀರಬಾರದು.

ಆದರೆ ೨೫೩ ವಾಟ್ ಎಂಬುದು ಸ್ವತಃ ದೊಡ್ಡ ಸಂಖ್ಯೆಯಲ್ಲ. ಮನೆಯ ವಿದ್ಯುತ್ ಒಲೆಯು ೧೫೦೦ ವಾಟ್ ಶಾಖವನ್ನು ಕೊಡುತ್ತದೆ. ಕಷ್ಟವಿರುವುದು ಶಾಖದ ಮೊತ್ತದಲ್ಲಲ್ಲ, ಅದರ ಸಾಂದ್ರತೆಯಲ್ಲಿ. ೧೮ ಸೆಂಟಿಮೀಟರು ವ್ಯಾಸದ ಒಲೆಯ ತಟ್ಟೆಯ ವಿಸ್ತೀರ್ಣವು ಸುಮಾರು ೨೫೪ ಚದರ ಸೆಂಟಿಮೀಟರು. ಆದುದರಿಂದ ಪ್ರತಿ ಚದರ ಸೆಂಟಿಮೀಟರಿಗೆ ೬ ವಾಟ್‌ನಷ್ಟು ಶಾಖ ಬರುತ್ತದೆ. ಮೇಲೆ ಹೇಳಿದ ಪ್ರೊಸೆಸರಿನ ಸಿಲಿಕಾನ್ ತುಣುಕಿನ ವಿಸ್ತೀರ್ಣವಾದರೋ ಸುಮಾರು ೨.೬ ಚದರ ಸೆಂಟಿಮೀಟರು ಮಾತ್ರ. ಅಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ೧೦೦ ವಾಟ್‌ಗೆ ಸಮೀಪವಾದ ಶಾಖವು ಹೊರಡುತ್ತದೆ. ಒಲೆಯ ತಟ್ಟೆಗಿಂತ ಹದಿನಾರು ಪಾಲು ಸಾಂದ್ರವಾದ ಈ ಶಾಖವನ್ನು ಹೊರಸಾಗಿಸಿ, ಸಿಲಿಕಾನನ್ನು ನೀರಿನ ಕುದಿಯುವ ಬಿಂದುವಿನ ಒಳಗೇ ಇರಿಸಬೇಕು. ಸಮಸ್ಯೆಯ ತಿರುಳು ಇಷ್ಟೆ.

೨. ನೀರನ್ನೇ ಆರಿಸಿದುದೇಕೆ?

೧ ಲೀಟರು ಗಾಳಿಯ ಉಷ್ಣತೆಯನ್ನು ೧ ಡಿಗ್ರಿ ಏರಿಸಲು ಸುಮಾರು ೧.೨ ಜೂಲ್ ಶಾಖವು ಸಾಕು. ಅಷ್ಟೇ ಗಾತ್ರದ ನೀರಿಗೆ ಸುಮಾರು ೪೧೮೦ ಜೂಲ್ ಬೇಕು. ಅಂದರೆ ಗಾತ್ರಕ್ಕೆ ಗಾತ್ರ ಹೋಲಿಸಿದರೆ ನೀರು ಗಾಳಿಗಿಂತ ಸುಮಾರು ೩೫೦೦ ಪಾಲು ಹೆಚ್ಚು ಶಾಖವನ್ನು ಹೊರಬಲ್ಲದು. ನೀರಿನ ಉಷ್ಣವಾಹಕತೆಯೂ ಗಾಳಿಯದಕ್ಕಿಂತ ಇಪ್ಪತ್ತು ಪಾಲಿಗೂ ಮಿಗಿಲು.

ಒಂದು ಸರಳವಾದ ಲೆಕ್ಕವನ್ನು ನೋಡೋಣ. ಶೀತಕದಲ್ಲಿ ನಿಮಿಷಕ್ಕೆ ೧ ಲೀಟರು ನೀರು ಹರಿಯುತ್ತಿದ್ದು, ಪ್ರೊಸೆಸರು ೨೫೦ ವಾಟ್ ಶಾಖವನ್ನು ಕೊಡುತ್ತಿದೆಯೆಂದು ಭಾವಿಸೋಣ. ನಿಮಿಷವೊಂದಕ್ಕೆ ಹೊರಡುವ ಶಾಖ ೧೫,೦೦೦ ಜೂಲ್. ಇದನ್ನು ೪೧೮೦ರಿಂದ ಭಾಗಿಸಿದರೆ ೩.೬ ಬರುತ್ತದೆ. ಪ್ರೊಸೆಸರನ್ನು ದಾಟಿ ಹೋಗುವ ನೀರು ಕೇವಲ ೩.೬ ಡಿಗ್ರಿ ಬಿಸಿಯಾಗುತ್ತದೆ! ಒಂದು ಕೊಳವೆ ಬಿಸಿ, ಇನ್ನೊಂದು ತಣ್ಣಗೆ ಇರಬೇಕೆಂದು ನಿರೀಕ್ಷಿಸಿ ಎರಡನ್ನೂ ಮುಟ್ಟಿ ನೋಡುವವರು ಹೆಚ್ಚಿನ ಭೇದವನ್ನು ಕಾಣದೆ ಸಾಧನವು ಕೆಟ್ಟಿದೆಯೆಂದು ತಿಳಿಯುವುದುಂಟು. ವಾಸ್ತವವಾಗಿ ಅದು ಸರಿಯಾಗಿ ನಡೆಯುತ್ತಿರುವುದರ ಲಕ್ಷಣ.

ಆದರೆ ನೀರು ಹೊತ್ತೊಯ್ದ ಶಾಖವು ಎಲ್ಲಿಗೆ ಹೋಗಬೇಕು? ಕೊಠಡಿಯ ಗಾಳಿಗೇ ಹೋಗಬೇಕು. ಗಾಳಿಯು ೧೦ ಡಿಗ್ರಿ ಬಿಸಿಯಾಗಲು ಅವಕಾಶ ಕೊಟ್ಟರೂ, ೨೫೦ ವಾಟ್ ಶಾಖವನ್ನು ಒಯ್ಯಲು ಸೆಕೆಂಡಿಗೆ ಸುಮಾರು ೨೧ ಲೀಟರು ಗಾಳಿ ಬೇಕು. ಆದುದರಿಂದ ದ್ರವಶೀತಕದಲ್ಲಿಯೂ ಫ್ಯಾನುಗಳು ಅನಿವಾರ್ಯ. ನೀರು ಇಲ್ಲಿ ಶಾಖವನ್ನು ನಾಶಮಾಡುವುದಿಲ್ಲ; ಇಕ್ಕಟ್ಟಾದ ಸ್ಥಳದಿಂದ ವಿಶಾಲವಾದ ಸ್ಥಳಕ್ಕೆ ಅದನ್ನು ಸಾಗಿಸುತ್ತದೆ, ಅಷ್ಟೆ.

ಮಣ್ಣಿನ ಹೂಜಿಯ ನೀರು ಸುತ್ತಣ ಗಾಳಿಗಿಂತ ತಣ್ಣಗಿರುವುದನ್ನು ಎಲ್ಲರೂ ಬಲ್ಲೆವು. ಹೂಜಿಯ ಮೈಯಿಂದ ನೀರು ಆವಿಯಾಗುತ್ತ ಶಾಖವನ್ನು ಒಯ್ಯುವುದೇ ಅದಕ್ಕೆ ಕಾರಣ. ಸಂಯುಕ್ತ ದ್ರವಶೀತಕದ ನೀರು ಎಲ್ಲ ಕಡೆಯಿಂದಲೂ ಮುಚ್ಚಲ್ಪಟ್ಟಿದೆ. ಅಲ್ಲಿ ಆವಿಯಾಗುವ ಮಾತಿಲ್ಲ. ಆದುದರಿಂದ ಅದು ಪ್ರೊಸೆಸರನ್ನು ಎಂದಿಗೂ ಕೊಠಡಿಯ ಉಷ್ಣತೆಗಿಂತ ಕೆಳಕ್ಕೆ ಇಳಿಸಲಾರದು.

೩. ಸಾಧನದ ರಚನೆ

ದೊಡ್ಡ ಗಣಕಯಂತ್ರಗಳಲ್ಲಿ ದ್ರವದ ಬಳಕೆ ಹಳೆಯದು. ೧೯೮೦ರಲ್ಲಿ ಪ್ರಕಟವಾದ ಐ.ಬಿ.ಎಂ. ೩೦೮೧ ಯಂತ್ರದಲ್ಲಿ ನೀರು ಹರಿಯುತ್ತಿತ್ತು. ೧೯೮೫ರ ಕ್ರೇ-೨ ಯಂತ್ರದಲ್ಲಿ ವಿದ್ಯುತ್ತನ್ನು ಹರಿಯಗೊಡದ ಫ್ಲೂರೋಕಾರ್ಬನ್ ದ್ರವದಲ್ಲಿ ಮಂಡಲಗಳನ್ನೇ ಮುಳುಗಿಸಿದ್ದರು. ೨೦೦೪ರಲ್ಲಿ ಆಪಲ್ ಸಂಸ್ಥೆಯು ಪವರ್ ಮ್ಯಾಕ್ ಜಿ೫ ಎಂಬ ಮೇಜಿನ ಯಂತ್ರದಲ್ಲಿ ದ್ರವವನ್ನು ಬಳಸಿತು. ಬಿಡಿಯಾಗಿ ಕೊಂಡು ಯಾರು ಬೇಕಾದರೂ ಜೋಡಿಸಬಹುದಾದ ಮುಚ್ಚಿದ ಸಾಧನವು ಜನಪ್ರಿಯವಾದುದು ೨೦೦೯ರಲ್ಲಿ. ಡೆನ್ಮಾರ್ಕಿನ ಆಸೆಟೆಕ್ ಸಂಸ್ಥೆಯು ತಯಾರಿಸಿ ಕೋರ್ಸೇರ್ ಸಂಸ್ಥೆಯು ಎಚ್೫೦ ಎಂಬ ಹೆಸರಿನಿಂದ ಮಾರಿದ ಶೀತಕವು ಅಂಥದು. ಪಂಪನ್ನೂ ತಾಮ್ರದ ಫಲಕವನ್ನೂ ಒಂದೇ ಘಟಕವಾಗಿ ಕೂಡಿಸಿದುದೇ ಇದರ ಮುಖ್ಯ ಜಾಣ್ಮೆ. ಈ ಜೋಡಣೆಯ ಪೇಟೆಂಟಿನ ಬಗ್ಗೆ ಅಮೆರಿಕದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವ್ಯಾಜ್ಯಗಳು ನಡೆದುವು.

ಶಾಖವು ನಡೆಯುವ ಹಾದಿ ಹೀಗಿದೆ. ಸಿಲಿಕಾನಿನಿಂದ ಅದು ಪ್ರೊಸೆಸರಿನ ಲೋಹದ ಮುಚ್ಚಳಕ್ಕೂ, ಅಲ್ಲಿಂದ ತೆಳುವಾಗಿ ಬಳಿದ ಉಷ್ಣಲೇಪದ ಮೂಲಕ ತಾಮ್ರದ ಫಲಕಕ್ಕೂ ಬರುತ್ತದೆ. ಎರಡು ಲೋಹಗಳು ನೋಟಕ್ಕೆ ಎಷ್ಟು ನಯವಾಗಿದ್ದರೂ ಅವುಗಳ ನಡುವೆ ಗಾಳಿ ತುಂಬಿದ ಸೂಕ್ಷ್ಮವಾದ ಸಂದುಗಳು ಉಳಿಯುತ್ತವೆ. ಅವನ್ನು ತುಂಬುವುದೇ ಲೇಪದ ಕೆಲಸ. ಫಲಕದ ಒಳಮೈಯಲ್ಲಿ ಕೂದಲೆಳೆಯಂತಹ ತೆಳುವಾದ ತಾಮ್ರದ ಗೆರೆಗಳನ್ನು ಸಾಲಾಗಿ ಎಬ್ಬಿಸಿರುತ್ತಾರೆ. ಅವುಗಳ ನಡುವಣ ಕಾಲುವೆಗಳಲ್ಲಿ ನೀರು ಹರಿಯುತ್ತದೆ. ಇಂತಹ ಸೂಕ್ಷ್ಮ ಕಾಲುವೆಗಳ ಶಕ್ತಿಯನ್ನು ೧೯೮೧ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಟಕರ್‌ಮನ್ ಮತ್ತು ಪೀಸ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಸಿಲಿಕಾನಿನಲ್ಲಿಯೇ ಸುಮಾರು ೫೦ ಮೈಕ್ರೋಮೀಟರು ಅಗಲದ ಕಾಲುವೆಗಳನ್ನು ಕೊರೆದು, ಚದರ ಸೆಂಟಿಮೀಟರಿಗೆ ೭೯೦ ವಾಟ್ ಶಾಖವನ್ನು ಅವರು ನೀರಿನಿಂದ ಹೊರಸಾಗಿಸಿದರು. ಕಾಲುವೆಯು ಕಿರಿದಾದಷ್ಟೂ ನೀರು ಲೋಹದ ಗೋಡೆಗೆ ಸಮೀಪವಾಗುತ್ತದೆ, ಗೋಡೆಯ ಒಟ್ಟು ವಿಸ್ತೀರ್ಣವೂ ಹೆಚ್ಚುತ್ತದೆ. ಆದರೆ ನೀರನ್ನು ನೂಕಲು ಹೆಚ್ಚಿನ ಒತ್ತಡವೂ ಬೇಕಾಗುತ್ತದೆ. ಇವೆರಡರ ನಡುವಣ ಹದವನ್ನು ಹುಡುಕುವುದೇ ತಯಾರಕರ ಕೌಶಲ.

ಅಲ್ಲಿಂದ ರಬ್ಬರಿನ ಕೊಳವೆಯ ಮೂಲಕ ನೀರು ರೇಡಿಯೇಟರಿಗೆ ಹೋಗುತ್ತದೆ. ಮೋಟಾರು ಕಾರಿನಲ್ಲಿರುವಂತೆಯೇ ಇದರಲ್ಲಿಯೂ ಚಪ್ಪಟೆಯಾದ ನಾಳಗಳು, ಅವಕ್ಕೆ ಅಂಟಿದ ಅಲ್ಯೂಮಿನಿಯಂ ತಗಡಿನ ಮಡಿಕೆಗಳು, ಅವುಗಳ ಮೇಲೆ ಗಾಳಿಯನ್ನು ಬೀಸುವ ಫ್ಯಾನುಗಳು ಇವೆ. ೩೬೦ ಮಿಲಿಮೀಟರಿನ ಶೀತಕವೆಂದರೆ ೧೨೦ ಮಿಲಿಮೀಟರಿನ ಮೂರು ಫ್ಯಾನುಗಳನ್ನು ಹೊಂದಿದುದು ಎಂದರ್ಥ.

೪. ಶಾಖದ ಹಾದಿಯಲ್ಲಿನ ಅಡ್ಡಿಗಳು

ವಿದ್ಯುತ್ ಮಂಡಲದಲ್ಲಿ ರೋಧಗಳು ಸರಣಿಯಲ್ಲಿರುವಂತೆ ಶಾಖದ ಹಾದಿಯಲ್ಲಿಯೂ ಅಡ್ಡಿಗಳು ಒಂದರ ಮುಂದೊಂದು ಇರುತ್ತವೆ. ಪ್ರತಿಯೊಂದು ವಾಟ್ ಶಾಖಕ್ಕೆ ಎಷ್ಟು ಡಿಗ್ರಿ ಉಷ್ಣತಾಭೇದವು ಉಂಟಾಗುತ್ತದೆಂಬುದೇ ಆ ಅಡ್ಡಿಯ ಅಳತೆ. ವಿವರಣೆಗಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ: ಸಿಲಿಕಾನಿನಿಂದ ತಾಮ್ರದ ಫಲಕದವರೆಗೆ ೦.೨೦, ಫಲಕದಿಂದ ನೀರಿಗೆ ೦.೦೫, ನೀರಿನಿಂದ ಗಾಳಿಗೆ ೦.೦೮. ಪ್ರೊಸೆಸರು ೨೦೦ ವಾಟ್ ಶಾಖವನ್ನು ಕೊಟ್ಟರೆ ಈ ಮೂರು ಹಂತಗಳಲ್ಲಿ ಕ್ರಮವಾಗಿ ೪೦, ೧೦ ಮತ್ತು ೧೬ ಡಿಗ್ರಿ, ಒಟ್ಟು ೬೬ ಡಿಗ್ರಿ ಏರಿಕೆಯಾಗುತ್ತದೆ.

ಈ ಲೆಕ್ಕದಿಂದ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕೊಠಡಿಯ ಉಷ್ಣತೆಯು ಇಡೀ ಮೊತ್ತಕ್ಕೆ ಬುನಾದಿಯಾಗಿದೆ. ೨೮ ಡಿಗ್ರಿಯ ಮೈಸೂರಿನ ಕೊಠಡಿಯಲ್ಲಿ ೯೪ ಡಿಗ್ರಿಗೆ ನಿಲ್ಲುವ ಪ್ರೊಸೆಸರು, ಬೇಸಗೆಯಲ್ಲಿ ೪೦ ಡಿಗ್ರಿ ಮುಟ್ಟುವ ಕಲಬುರಗಿಯ ಕೊಠಡಿಯಲ್ಲಿ ೧೦೬ ಡಿಗ್ರಿಗೆ ಏರಬೇಕಾಗುತ್ತದೆ. ಹಾಗೆ ಏರಲಾರದೆ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ತಂಪು ದೇಶಗಳಲ್ಲಿ ಮಾಡಿದ ಪರೀಕ್ಷೆಗಳ ಫಲಿತಾಂಶವನ್ನು ನಮ್ಮ ಊರುಗಳಿಗೆ ಹಾಗೆಯೇ ಅನ್ವಯಿಸಬಾರದು.

ಎರಡನೆಯದಾಗಿ, ರೇಡಿಯೇಟರನ್ನು ಇಮ್ಮಡಿ ಮಾಡಿದರೆ ಕೊನೆಯ ೧೬ ಡಿಗ್ರಿಯು ೮ಕ್ಕೆ ಇಳಿಯಬಹುದು. ಮೊದಲ ೪೦ ಡಿಗ್ರಿಗೆ ಅದರಿಂದ ಯಾವ ಬಾಧೆಯೂ ಇಲ್ಲ. ದೊಡ್ಡ ಶೀತಕವನ್ನು ಕೊಂಡರೂ ನಿರೀಕ್ಷಿಸಿದಷ್ಟು ಫಲ ದೊರೆಯಲಿಲ್ಲವೆಂದು ಹಲವರು ಬೇಸರಪಡುವುದಕ್ಕೆ ಇದೇ ಕಾರಣ. ಉಷ್ಣಲೇಪವನ್ನು ಸರಿಯಾಗಿ ಬಳಿದು ಫಲಕವನ್ನು ಸಮನಾಗಿ ಬಿಗಿಯುವುದರಿಂದ, ಖರ್ಚಿಲ್ಲದೆಯೇ ಕೆಲವು ವೇಳೆ ಹೆಚ್ಚಿನ ಲಾಭವಾಗುತ್ತದೆ.

ಮೂರನೆಯದಾಗಿ, ಒಳ್ಳೆಯ ಗಾಳಿಶೀತಕದೊಡನೆ ಹೋಲಿಸಿ ನೋಡಬೇಕು. ಅದರಲ್ಲಿ ಕೊನೆಯ ಎರಡು ಹಂತಗಳ ಬದಲು ೦.೧೬ರಷ್ಟು ಅಡ್ಡಿಯಿದ್ದರೆ ಏರಿಕೆಯು ೨೬ ಡಿಗ್ರಿಯ ಬದಲು ೩೨ ಡಿಗ್ರಿಯಾಗುತ್ತದೆ. ಭೇದವು ೬ ಡಿಗ್ರಿ ಮಾತ್ರ. ಗಾಳಿಶೀತಕದ ತಾಮ್ರದ ದಂಡಗಳು ಗಟ್ಟಿಯಾದ ಲೋಹವಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಅವು ಟೊಳ್ಳಾಗಿದ್ದು, ಒಳಗಿರುವ ಅಲ್ಪ ನೀರು ಬಿಸಿಯ ತುದಿಯಲ್ಲಿ ಆವಿಯಾಗಿ ತಣ್ಣನೆಯ ತುದಿಯಲ್ಲಿ ಮತ್ತೆ ನೀರಾಗಿ, ಬತ್ತಿಯಂತಹ ಒಳಪದರದ ಮೂಲಕ ಹಿಂದಿರುಗುತ್ತದೆ. ಹೀಗಿರುವುದರಿಂದ ‘ಗಾಳಿ’ ಮತ್ತು ‘ನೀರು’ ಎಂಬ ಅಂಗಡಿಯ ಭೇದವು ಶಾಸ್ತ್ರದಲ್ಲಿ ಅಷ್ಟು ಖಚಿತವಾದುದಲ್ಲ.

೫. ದೋಷಗಳೂ ಎಚ್ಚರಿಕೆಗಳೂ

ಸೋರಿಕೆಯ ಭಯವು ನಿರಾಧಾರವಲ್ಲ; ದ್ರವವು ಮಂಡಲದ ಮೇಲೆ ಬಿದ್ದರೆ ಹಾನಿಯಾಗುವುದು ನಿಜ. ಆದರೆ ಅದಕ್ಕಿಂತ ಸಾಮಾನ್ಯವಾದುವು ನಿಧಾನವಾಗಿ ಬರುವ ದೋಷಗಳು. ಪಂಪು ಚಲಿಸುವ ಭಾಗವುಳ್ಳದ್ದಾದುದರಿಂದ ಸವೆಯುತ್ತದೆ. ಕೊಳವೆಯ ರಬ್ಬರಿನ ಮೂಲಕ ವರ್ಷಗಳು ಕಳೆದಂತೆ ಸ್ವಲ್ಪಸ್ವಲ್ಪವಾಗಿ ನೀರು ಹೊರಹೋಗಿ, ಅದರ ಸ್ಥಳದಲ್ಲಿ ಗಾಳಿ ಸೇರುತ್ತದೆ. ಗಾಳಿಯು ಯಾವಾಗಲೂ ಎತ್ತರದ ಭಾಗವನ್ನು ಸೇರುವುದರಿಂದ ಪಂಪು ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಎತ್ತರದ ಭಾಗವಾಗಿರಬಾರದು. ಹಾಗಿದ್ದರೆ ಪಂಪಿನಲ್ಲಿ ಗಾಳಿ ಸಿಕ್ಕಿ ಗುಳುಗುಳು ಶಬ್ದ ಕೇಳುತ್ತದೆ, ಹರಿವು ಕುಂದುತ್ತದೆ. ರೇಡಿಯೇಟರಿನ ಮೇಲಿನ ಅಂಚು ಪಂಪಿಗಿಂತ ಎತ್ತರದಲ್ಲಿರುವಂತೆ ಕೂಡಿಸುವುದು ಕ್ಷೇಮಕರ.

ಇನ್ನೊಂದು ವಿಷಯವು ರಸಾಯನಶಾಸ್ತ್ರಕ್ಕೆ ಸೇರಿದುದು. ಫಲಕವು ತಾಮ್ರ, ರೇಡಿಯೇಟರು ಸಾಮಾನ್ಯವಾಗಿ ಅಲ್ಯೂಮಿನಿಯಂ. ಈ ಎರಡು ಲೋಹಗಳನ್ನು ಒಂದೇ ದ್ರವದಲ್ಲಿರಿಸಿದರೆ ವಿದ್ಯುತ್ಕೋಶದಲ್ಲಿ ನಡೆಯುವಂತಹ ಕ್ರಿಯೆಯು ನಡೆದು ಅಲ್ಯೂಮಿನಿಯಂ ಕರಗತೊಡಗುತ್ತದೆ. ಇದನ್ನು ತಡೆಯುವ ದ್ರವ್ಯಗಳನ್ನು ತಯಾರಕರು ನೀರಿಗೆ ಬೆರೆಸಿರುತ್ತಾರೆ. ಆದುದರಿಂದ ಕಡಿಮೆಯಾದ ದ್ರವಕ್ಕೆ ಬದಲಾಗಿ ನಲ್ಲಿಯ ನೀರನ್ನು ತುಂಬುವ ಸಾಹಸಕ್ಕೆ ಯಾರೂ ಕೈಹಾಕಬಾರದು.

ಗಾಳಿಶೀತಕದಲ್ಲಿ ಫ್ಯಾನು ಕೆಟ್ಟರೆ ಅಂಗಡಿಯಿಂದ ಇನ್ನೊಂದನ್ನು ತಂದು ಕೂಡಿಸಿದರಾಯಿತು. ಮುಚ್ಚಿದ ದ್ರವಶೀತಕದಲ್ಲಿ ಪಂಪು ಕೆಟ್ಟರೆ ಸಾಮಾನ್ಯವಾಗಿ ಇಡೀ ಸಾಧನವನ್ನೇ ಬದಲಿಸಬೇಕು. ಹತ್ತು ವರ್ಷ ನಡೆಯಬೇಕಾದ ಪ್ರಯೋಗಶಾಲೆಯ ಯಂತ್ರಕ್ಕೆ ಇದು ಸಣ್ಣ ಮಾತಲ್ಲ.

೬. ಪರೀಕ್ಷಿಸುವ ವಿಧಾನ

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಆದರೆ ಅವಸರ ಸಲ್ಲದು. ಶೀತಕದಲ್ಲಿ ೨೫೦ ಗ್ರಾಮ್ ನೀರಿದೆಯೆಂದು ಭಾವಿಸಿದರೆ, ಅದರ ಉಷ್ಣತೆಯನ್ನು ೧ ಡಿಗ್ರಿ ಏರಿಸಲು ಸುಮಾರು ೧೦೫೦ ಜೂಲ್ ಬೇಕು. ೨೦೦ ವಾಟ್ ಶಾಖವು ಒಂದಿಷ್ಟೂ ಹೊರಹೋಗದೆ ನೀರಿನಲ್ಲಿಯೇ ಉಳಿದರೂ ೧೬ ಡಿಗ್ರಿ ಏರಲು ಸುಮಾರು ೮೪ ಸೆಕೆಂಡು ಹಿಡಿಯುತ್ತದೆ. ಏರುತ್ತ ಏರುತ್ತ ಶಾಖವು ಗಾಳಿಗೂ ಹೋಗುವುದರಿಂದ ಸ್ಥಿರಸ್ಥಿತಿಗೆ ಬರಲು ಇದರ ನಾಲ್ಕೈದು ಪಾಲು ಕಾಲ ಬೇಕು. ಲೋಹಗಳೂ ಪೆಟ್ಟಿಗೆಯೊಳಗಿನ ಗಾಳಿಯೂ ಬಿಸಿಯಾಗಲು ಇನ್ನಷ್ಟು ಕಾಲ ಬೇಕು. ಆದುದರಿಂದ ಯಂತ್ರವನ್ನು ಪೂರ್ಣ ಭಾರದಲ್ಲಿ ಇಪ್ಪತ್ತು ನಿಮಿಷವಾದರೂ ನಡೆಸಿದ ಮೇಲೆಯೇ ಉಷ್ಣತೆಯನ್ನು ಬರೆದುಕೊಳ್ಳಬೇಕು. ರೇಡಿಯೇಟರಿನ ಬಳಿ ಒಂದು ಉಷ್ಣತಾಮಾಪಕವನ್ನಿಟ್ಟು, ಒಳಬರುವ ಗಾಳಿಯ ಉಷ್ಣತೆಯನ್ನು ಪ್ರೊಸೆಸರಿನ ಉಷ್ಣತೆಯಿಂದ ಕಳೆದು, ಬಂದ ಭೇದವನ್ನು ವಾಟ್‌ಗಳಿಂದ ಭಾಗಿಸಿದರೆ ಒಟ್ಟು ಅಡ್ಡಿಯು ದೊರೆಯುತ್ತದೆ. ಎರಡು ಶೀತಕಗಳನ್ನು ಒಂದೇ ಯಂತ್ರದಲ್ಲಿ ಹೋಲಿಸಲು ಈ ಒಂದು ಸಂಖ್ಯೆ ಸಾಕು.

ಅದೇ ಉಷ್ಣಸಂಚಯವು ಒಂದು ಗುಣವೂ ಹೌದು. ಅರೆ ನಿಮಿಷದಲ್ಲಿ ಮುಗಿಯುವ ಭಾರವಾದ ಕೆಲಸದ ಶಾಖವನ್ನು ನೀರು ತನ್ನಲ್ಲಿಯೇ ಅಡಗಿಸಿಕೊಂಡು, ಫ್ಯಾನುಗಳು ಅಬ್ಬರಿಸದಂತೆ ನೋಡಿಕೊಳ್ಳುತ್ತದೆ. ಇದಲ್ಲದೆ ದೊಡ್ಡ ಗಾಳಿಶೀತಕಗಳ ತೂಕವು ೧ ಕಿಲೋಗ್ರಾಮನ್ನು ಮೀರುವುದುಂಟು. ದ್ರವಶೀತಕದಲ್ಲಿ ಆ ಭಾರವು ಮಂಡಲದ ಮೇಲೆ ಬೀಳದೆ ಪೆಟ್ಟಿಗೆಯ ಚೌಕಟ್ಟಿನ ಮೇಲೆ ಬೀಳುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ೨೦೦ ವಾಟ್‌ಗಳನ್ನು ಮೀರುವ ಪ್ರೊಸೆಸರುಗಳು ಗಂಟೆಗಟ್ಟಲೆ ಪೂರ್ಣ ಭಾರದಲ್ಲಿ ನಡೆಯುವಲ್ಲಿ, ಅದರಲ್ಲಿಯೂ ಕೊಠಡಿಯು ಬೆಚ್ಚಗಿರುವಲ್ಲಿ, ಸಂಯುಕ್ತ ದ್ರವಶೀತಕಕ್ಕೆ ಮಾಡಿದ ಖರ್ಚು ಸಾರ್ಥಕ. ಪಾಠದ ಟಿಪ್ಪಣಿಗಳನ್ನು ಬರೆಯುವ, ಸಣ್ಣ ಕಾರ್ಯಕ್ರಮಗಳನ್ನು ರಚಿಸುವ ಸಾಧಾರಣ ಯಂತ್ರಕ್ಕೆ ಅದರ ಅಗತ್ಯವಿಲ್ಲ. ಅಲ್ಲಿ ಒಳ್ಳೆಯ ಗಾಳಿಶೀತಕವೂ, ಪೆಟ್ಟಿಗೆಯಲ್ಲಿ ಗಾಳಿಯಾಡಲು ಅವಕಾಶವೂ, ತಿಂಗಳಿಗೊಮ್ಮೆ ಧೂಳು ತೆಗೆಯುವ ಅಭ್ಯಾಸವೂ ಇದ್ದರೆ ಸಾಕು. ನಮ್ಮ ಅಧ್ಯಾಪಕ ಮಿತ್ರರು ಯಂತ್ರಗಳನ್ನು ಕೊಳ್ಳುವ ಮುನ್ನ ತಮ್ಮ ಕೊಠಡಿಯ ಬೇಸಗೆಯ ಉಷ್ಣತೆಯನ್ನು ಒಮ್ಮೆ ಅಳೆದು, ಮೇಲಿನ ಸಂಕಲನವನ್ನು ತಾವೇ ಮಾಡಿ ನೋಡಬೇಕೆಂದು ಕೋರುತ್ತೇವೆ.