ನಿಮಗಿದು ಗೊತ್ತೇ? ಲಾಗಿನ್ ಆದ ಮಾತ್ರಕ್ಕೆ ಕಲಿತಂತಲ್ಲ

ಕಾಲೇಜು ಹೊಸ ಪೋರ್ಟಲ್ ತರುತ್ತದೆ, ಪಾಸ್‌ವರ್ಡ್ ಹಂಚುತ್ತದೆ, ಮೊದಲ ವಾರ ಎಲ್ಲರೂ ಒಳಹೊಕ್ಕು ನೋಡುತ್ತಾರೆ. ಆಮೇಲೆ ಯಾರು ಉಳಿಯುತ್ತಾರೆ, ಯಾರು ಬಿಡುತ್ತಾರೆ, ಏಕೆ? ಸಂಶೋಧಕರು ದಶಕಗಳಿಂದ ಇದರ ಬೆನ್ನು ಹತ್ತಿದ್ದಾರೆ. ಅವರು ಕಂಡುಕೊಂಡ ಕೆಲವು ಸಂಗತಿಗಳು ಇಲ್ಲಿವೆ.

ಒಪ್ಪುವುದು ಏಕೆ, ಬಿಡುವುದು ಏಕೆ?

● ಹೊಸ ತಂತ್ರಜ್ಞಾನವನ್ನು ಜನ ಒಪ್ಪುವುದಕ್ಕೆ ಎರಡು ನಂಬಿಕೆಗಳು ಕಾರಣ ಎಂದವರು ಅಮೆರಿಕದ ಫ್ರೆಡ್ ಡೇವಿಸ್. ಒಂದು, ಇದರಿಂದ ನನಗೆ ಪ್ರಯೋಜನವಿದೆ ಎಂಬುದು. ಇನ್ನೊಂದು, ಇದನ್ನು ಬಳಸುವುದು ಸುಲಭ ಎಂಬುದು. ಎಂಐಟಿಯಲ್ಲಿ ಪಿಎಚ್‌ಡಿಗಾಗಿ ರೂಪಿಸಿದ ಈ ಮಾದರಿಯ ಅಳತೆಗೋಲುಗಳನ್ನು ಅವರು 1989ರಲ್ಲಿ ಪ್ರಕಟಿಸಿದರು. ಇಂದು ಆನ್‌ಲೈನ್ ಕಲಿಕೆಯ ಅಧ್ಯಯನಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಮಾದರಿಗಳಲ್ಲಿ ಇದೂ ಒಂದು.

● ಆ ಅಳತೆಗೋಲನ್ನು ಮೊದಲು ಪರೀಕ್ಷಿಸಿದ್ದು ಕೇವಲ 152 ಜನರ ಮೇಲೆ. 112 ಮಂದಿ ಟೊರಾಂಟೊದ ಐಬಿಎಂ ಪ್ರಯೋಗಾಲಯದವರು. ಇ-ಮೇಲ್ ಮತ್ತು ಕಂಪ್ಯೂಟರಿನ ಒಂದು ಫೈಲ್ ಎಡಿಟರ್ ಬಗ್ಗೆ ಉತ್ತರಿಸಿದರು. ಉಳಿದ 40 ಮಂದಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಜೆ ತರಗತಿಯ ಎಂಬಿಎ ವಿದ್ಯಾರ್ಥಿಗಳು. ಎರಡು ಗ್ರಾಫಿಕ್ಸ್ ತಂತ್ರಾಂಶಗಳನ್ನು ಬಳಸಿ ನೋಡಿದರು.

● ಅಂತಿಮ ಪ್ರಶ್ನಾವಳಿಯಲ್ಲಿ ಇದ್ದದ್ದು 12 ಹೇಳಿಕೆಗಳು. ಕೆಲಸ ಬೇಗ ಮುಗಿಯುತ್ತದೆಯೇ, ಚೆನ್ನಾಗಿ ಆಗುತ್ತದೆಯೇ ಎಂಬಂಥ ಆರು ಪ್ರಯೋಜನದ ಬಗ್ಗೆ. ಕಲಿಯಲು ಸುಲಭವೇ, ಹೇಳಿದಂತೆ ಕೇಳುತ್ತದೆಯೇ ಎಂಬಂಥ ಆರು ಸುಲಭತೆಯ ಬಗ್ಗೆ. ಉತ್ತರಿಸುವವರು ‘ಖಂಡಿತ ಹೌದು’ ಎಂಬಲ್ಲಿಂದ ‘ಖಂಡಿತ ಇಲ್ಲ’ ಎಂಬಲ್ಲಿಯವರೆಗಿನ ಏಳು ಹಂತಗಳಲ್ಲಿ ಒಂದಕ್ಕೆ ಗುರುತು ಹಾಕಬೇಕಿತ್ತು. ಇಂದು ವಿದ್ಯಾರ್ಥಿಗಳ ಮೊಬೈಲಿಗೆ ಬರುವ ಎಷ್ಟೋ ಗೂಗಲ್ ಫಾರ್ಮ್‌ಗಳ ಮೂಲ ಇಲ್ಲಿದೆ.

● ಎರಡರಲ್ಲಿ ಗೆದ್ದದ್ದು ಪ್ರಯೋಜನ. ನಿಜಕ್ಕೂ ಬೇಕೆನಿಸಿದ್ದಕ್ಕಾಗಿ ಜನ ಸ್ವಲ್ಪ ತೊಡಕನ್ನು ಸಹಿಸುತ್ತಾರೆ. ಬೇಡದ್ದು ಎಷ್ಟೇ ಸರಳವಾಗಿದ್ದರೂ ಮುಟ್ಟುವುದಿಲ್ಲ. ಆ್ಯಪ್‌ನ ಬಣ್ಣ, ವಿನ್ಯಾಸಕ್ಕೇ ಗಮನವೆಲ್ಲ ಕೊಡುವ ಸಂಸ್ಥೆಗಳು ಇದನ್ನು ನೆನಪಿಡಬೇಕು.

● 1989ರಲ್ಲೇ ಡೇವಿಸ್ ಮತ್ತು ಸಂಗಡಿಗರು 107 ಎಂಬಿಎ ವಿದ್ಯಾರ್ಥಿಗಳಿಗೆ ಒಂದು ವರ್ಡ್ ಪ್ರೊಸೆಸರ್ ಪರಿಚಯಿಸಿದರು. ಒಂದು ಗಂಟೆಯ ಪರಿಚಯ ಮುಗಿದಾಗ ‘ಬಳಸುತ್ತೀರಾ?’ ಎಂದು ಕೇಳಿ, 14 ವಾರಗಳ ನಂತರ ಮತ್ತೆ ವಿಚಾರಿಸಿದರು. ಅಂದು ಹೇಳಿದ್ದಕ್ಕೂ ಮುಂದೆ ಬಳಸಿದ್ದಕ್ಕೂ ಇದ್ದ ಹೊಂದಿಕೆ 0.35 ಮಾತ್ರ, ಪೂರ್ತಿ ಹೊಂದಿಕೆ ಎಂದರೆ 1. ಸುಲಭತೆಯ ಪ್ರಭಾವ ದಿನ ಕಳೆದಂತೆ ಇಳಿಯಿತು, ಪ್ರಯೋಜನದ್ದು ಗಟ್ಟಿಯಾಗಿ ಉಳಿಯಿತು.

● 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಹಲೇಖಕರು ಅಲ್ಲಿಯವರೆಗಿನ ಎಂಟು ಸಿದ್ಧಾಂತಗಳನ್ನು ಒಂದುಗೂಡಿಸಿದರು. ಪ್ರಯೋಜನ, ಶ್ರಮ, ಸುತ್ತಲಿನವರ ಒತ್ತಾಸೆ, ಪೂರಕ ಸೌಲಭ್ಯ ಎಂಬ ನಾಲ್ಕು ಅಂಶಗಳು ಉಳಿದವು. ಮೊದಲ ಮೂರು ಬಳಸುವ ಮನಸ್ಸನ್ನು ರೂಪಿಸಿದರೆ, ನಾಲ್ಕನೆಯದು ನೇರವಾಗಿ ಬಳಕೆಯನ್ನೇ ನಿರ್ಧರಿಸುತ್ತದೆ. ಮನಸ್ಸಿದ್ದೂ ಸಾಧನವಿಲ್ಲದಿದ್ದರೆ, ಅಡಚಣೆಯಾದಾಗ ಕೇಳಲು ಜನವಿಲ್ಲದಿದ್ದರೆ ಬಳಕೆ ನಿಂತೇಹೋಗುತ್ತದೆ.

● ಇ-ಕಲಿಕೆಯ ಸ್ವೀಕಾರ ಕುರಿತ 107 ಅಧ್ಯಯನಗಳನ್ನು 2016ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ ಐದು ಅಂಶಗಳು ಮತ್ತೆ ಮತ್ತೆ ಕಂಡವು: ‘ನನ್ನಿಂದ ಆಗುತ್ತದೆ’ ಎಂಬ ಆತ್ಮವಿಶ್ವಾಸ, ಆಪ್ತರ ಅಭಿಪ್ರಾಯ, ಕಲಿಯುವಾಗಿನ ಖುಷಿ, ಕಂಪ್ಯೂಟರ್ ಬಗೆಗಿನ ಅಳುಕು, ಹಿಂದಿನ ಅನುಭವ. ಸಂಶೋಧಕರು ಅತಿ ಹೆಚ್ಚು ಬಾರಿ ಅಳೆದದ್ದು ಆತ್ಮವಿಶ್ವಾಸವನ್ನು.

● ‘ಎಷ್ಟು ಬಳಸಿದ್ದೀರಿ?’ ಎಂಬುದಕ್ಕೆ ಜನ ಕೊಡುವ ಉತ್ತರಕ್ಕೂ ಯಂತ್ರದಲ್ಲಿ ದಾಖಲಾದದ್ದಕ್ಕೂ ತಾಳೆಯಾಗುವುದೇ ಕಷ್ಟ ಎಂದು 1995ರ ಒಂದು ಅಧ್ಯಯನ ತೋರಿಸಿತು. ಆದರೂ ಇಂದಿಗೂ ಹಲವು ಸಂಶೋಧನೆಗಳು ಪ್ರಶ್ನಾವಳಿಯಲ್ಲೇ ಮುಗಿಯುತ್ತವೆ. ನಿಜವಾದ ಬಳಕೆ ತಿಳಿಯಬೇಕಿದ್ದರೆ ದಾಖಲೆಯನ್ನೇ ನೋಡಬೇಕು.

ಸೇರಿದವರೆಷ್ಟು, ಮುಗಿಸಿದವರೆಷ್ಟು?

● ಕಂಪ್ಯೂಟರಿನಲ್ಲಿ ಪಾಠ ಎಂಬುದು ಇಂಟರ್‌ನೆಟ್‌ಗಿಂತ ಹಳೆಯದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ 1960ರಲ್ಲೇ ‘ಪ್ಲೇಟೊ’ ವ್ಯವಸ್ಥೆ ಆರಂಭಿಸಿದರು. 1964ರಲ್ಲಿ ಪ್ಲಾಸ್ಮಾ ಪರದೆ ಹುಟ್ಟಿದ್ದೂ ಇದೇ ಪಾಠದ ಯಂತ್ರಕ್ಕಾಗಿ.

● 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಆನ್‌ಲೈನ್ ಕೋರ್ಸಿಗೆ ಸುಮಾರು 1.6 ಲಕ್ಷ ಜನ ಹೆಸರು ನೋಂದಾಯಿಸಿದರು. ಲಕ್ಷಾಂತರ ಜನರಿಗೆ ತೆರೆದಿಡುವ ‘ಮೂಕ್’ ಕೋರ್ಸುಗಳ ಅಲೆ ಎದ್ದದ್ದು ಇದರ ಬೆನ್ನಿಗೆ.

● ಮರುವರ್ಷ ಎಂಐಟಿಯ ಸರ್ಕ್ಯೂಟ್ಸ್ ಕೋರ್ಸಿಗೆ ಸೇರಿದವರು ಸುಮಾರು 1.55 ಲಕ್ಷ, ಪ್ರಮಾಣಪತ್ರ ಪಡೆದವರು 7,157. ಪೂರ್ಣ ಅಂಕ ಗಳಿಸಿದವರಲ್ಲಿ ಮಂಗೋಲಿಯಾದ 15 ವರ್ಷದ ಹುಡುಗನೂ ಇದ್ದ.

● ಹಾರ್ವರ್ಡ್ ಮತ್ತು ಎಂಐಟಿ 2012ರಿಂದ 2018ರವರೆಗೆ ‘ಎಡೆಕ್ಸ್’ ಆನ್‌ಲೈನ್ ವೇದಿಕೆಯಲ್ಲಿ ನಡೆಸಿದ ಕೋರ್ಸುಗಳ ದಾಖಲೆಗಳನ್ನು ಜಸ್ಟಿನ್ ರೈಕ್ ಮತ್ತು ಸಹಲೇಖಕರೊಬ್ಬರು 2019ರಲ್ಲಿ ಪರಿಶೀಲಿಸಿದರು. ನೋಂದಾಯಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪಾಠದ ಪುಟವನ್ನೇ ತೆರೆದಿರಲಿಲ್ಲ. 2017-18ರಲ್ಲಿ ಕೋರ್ಸ್ ಮುಗಿಸಿದವರು ಶೇ 3.13. ಪ್ರಮಾಣಪತ್ರಕ್ಕೆಂದು ಶುಲ್ಕ ಕಟ್ಟಿದವರಲ್ಲಿ ಮಾತ್ರ ಈ ಪ್ರಮಾಣ ಶೇ 46ರಷ್ಟಿತ್ತು.

● ‘ಯಾವಾಗ, ಎಲ್ಲಿ ಕೂತು ಓದುತ್ತೀರಿ ಎಂದು ಮೊದಲೇ ಬರೆಯಿರಿ’ ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ ಫಲವಿದೆಯೇ? ಸುಮಾರು 250 ಕೋರ್ಸುಗಳಲ್ಲಿ, ಎರಡೂವರೆ ಲಕ್ಷ ವಿದ್ಯಾರ್ಥಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದ ಉತ್ತರ: ಮೊದಲ ಕೆಲವು ವಾರ ಉತ್ಸಾಹ ಹೆಚ್ಚುತ್ತದೆ, ಕೋರ್ಸ್ ಮುಗಿಸುವವರ ಸಂಖ್ಯೆ ಹೆಚ್ಚುವುದಿಲ್ಲ. ಒಂದೇ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ.

ಪಾಠದೊಳಗಿನ ಗುಟ್ಟು

● 69 ಲಕ್ಷ ಬಾರಿ ವಿಡಿಯೊ ನೋಡಿದ ದಾಖಲೆಗಳನ್ನು 2014ರಲ್ಲಿ ಜಾಲಾಡಿದಾಗ ಕಂಡದ್ದು: ಎಷ್ಟೇ ಉದ್ದದ ವಿಡಿಯೊ ಇರಲಿ, ಸಾಮಾನ್ಯ ವಿದ್ಯಾರ್ಥಿಯ ಗಮನ ಆರು ನಿಮಿಷ ದಾಟುವುದಿಲ್ಲ. ದುಬಾರಿ ಸ್ಟುಡಿಯೊದಲ್ಲಿ ಚಿತ್ರಿಸಿದ ಪಾಠಕ್ಕಿಂತ ಮೇಷ್ಟರು ತಮ್ಮ ಮೇಜಿನ ಮುಂದೆ ಕೂತು ಮಾತಾಡಿದ್ದು ಹೆಚ್ಚು ಹಿಡಿಸಿತ್ತು. ಸ್ಲೈಡ್ ತೋರಿಸುವುದಕ್ಕಿಂತ ಕೈಯಲ್ಲಿ ಬಿಡಿಸುತ್ತ ಹೇಳಿದ ಪಾಠವನ್ನು ಹೆಚ್ಚು ಹೊತ್ತು ನೋಡಿದ್ದರು.

● ಪಾಠ ಹಿಡಿಸುವುದೇ ಬೇರೆ, ತಲೆಗೆ ಹತ್ತುವುದೇ ಬೇರೆ. ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಯೊಂದನ್ನು ಸಂಶೋಧಕರು ಎರಡು ಪಾಲು ಮಾಡಿದರು. ಒಂದು ಗುಂಪಿಗೆ ನುರಿತ ಅಧ್ಯಾಪಕರ ನಿರರ್ಗಳ ಉಪನ್ಯಾಸ. ಇನ್ನೊಂದು ಗುಂಪಿನವರು ಅದೇ ವಿಷಯದ ಲೆಕ್ಕಗಳನ್ನು ತಾವೇ ಮೊದಲು ಬಿಡಿಸಲು ಒದ್ದಾಡಬೇಕು. ಮುಂದಿನ ಪಾಠಕ್ಕೆ ಗುಂಪುಗಳು ಅದಲುಬದಲಾದವು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ಒದ್ದಾಡಿದವರಿಗೆ. ‘ಹೆಚ್ಚು ಕಲಿತೆವು’ ಎಂದುಕೊಂಡವರು ಉಪನ್ಯಾಸ ಕೇಳಿದವರು. 2019ರಲ್ಲಿ ಪ್ರಕಟವಾದ ಈ ಫಲಿತಾಂಶ, ಬರೀ ಮೆಚ್ಚುಗೆಯನ್ನು ಅಳೆಯುವ ಫೀಡ್‌ಬ್ಯಾಕ್ ಫಾರ್ಮ್‌ಗಳಿಗೆ ದೊಡ್ಡ ಎಚ್ಚರಿಕೆ.

● ಮಾಧ್ಯಮ ಯಾವುದಾದರೇನು, ಬೋಧನೆಯ ಕ್ರಮವೇ ಮುಖ್ಯ ಎಂದು 1983ರಲ್ಲಿ ವಾದಿಸಿದವರು ರಿಚರ್ಡ್ ಕ್ಲಾರ್ಕ್. ದಿನಸಿ ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಹೇಗೆ ಬದಲಾಗುವುದಿಲ್ಲವೋ ಹಾಗೆ, ಪಾಠ ತಲುಪಿಸುವ ಸಾಧನದಿಂದ ಕಲಿಕೆ ಹೆಚ್ಚುವುದಿಲ್ಲ ಎಂಬ ಅವರ ಮಾತು ಇಂದಿಗೂ ಚರ್ಚೆಯಲ್ಲಿದೆ.

● ಆನ್‌ಲೈನ್ ಪಾಠದ ಹೊಡೆತ ಎಲ್ಲರಿಗೂ ಒಂದೇ ತೆರನಾಗಿ ಬೀಳುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳಲ್ಲಿ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ನೋಡಿದಾಗ, ಆನ್‌ಲೈನ್‌ಗೆ ಹೋದಾಗ ಫಲಿತಾಂಶ ಹೆಚ್ಚು ಕುಸಿದದ್ದು ಗಂಡುಮಕ್ಕಳದ್ದು, ಎಳೆಯ ವಯಸ್ಸಿನವರದ್ದು, ಕಪ್ಪು ಜನಾಂಗದ ವಿದ್ಯಾರ್ಥಿಗಳದ್ದು ಮತ್ತು ಮೊದಲೇ ಅಂಕ ಕಡಿಮೆ ಇದ್ದವರದ್ದು. ಆಸರೆ ಹೆಚ್ಚು ಬೇಕಾದವರೇ ಹೆಚ್ಚು ಕಳೆದುಕೊಂಡರು.

● ಕೊರೊನಾ ಕಾಲದಲ್ಲಿ ನಡೆದದ್ದನ್ನು ಆನ್‌ಲೈನ್ ಶಿಕ್ಷಣ ಎನ್ನಬೇಡಿ, ಅದು ತುರ್ತು ದೂರಬೋಧನೆ ಎಂದು ಅಮೆರಿಕದ ಐವರು ತಜ್ಞರು 2020ರ ಮಾರ್ಚ್‌ನಲ್ಲೇ ಬರೆದರು. ಯೋಜನೆ ಹಾಕಿ ತಿಂಗಳುಗಟ್ಟಲೆ ಸಿದ್ಧಪಡಿಸಿದ ಕೋರ್ಸನ್ನೂ ರಾತ್ರೋರಾತ್ರಿ ಕ್ಯಾಮೆರಾ ಮುಂದೆ ಕೂತ ತರಗತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ನಮ್ಮಲ್ಲಿ

● ಶಿಕ್ಷಣಕ್ಕೆಂದೇ ರೂಪಿಸಿದ ‘ಎಜುಸ್ಯಾಟ್’ ಉಪಗ್ರಹವನ್ನು ಇಸ್ರೊ ಹಾರಿಸಿದ್ದು 2004ರ ಸೆಪ್ಟೆಂಬರ್ 20ರಂದು. ಆ ಯೋಜನೆಯ ಪ್ರಾಯೋಗಿಕ ಹಂತದಲ್ಲಿ ಇನ್ಸಾಟ್-3ಬಿ ಮೂಲಕ ಪಾಠ ಬಿತ್ತರಿಸಿದ ಮೂರು ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು.

● ಎಂಜಿನಿಯರಿಂಗ್ ವಿದ್ಯಾರ್ಥಿಗಳ ನೆಚ್ಚಿನ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್ 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಕಟ್ಟಿದ್ದು. ಪಾಠ ಉಚಿತ. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯಬೇಕು.

● ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆ ಉದ್ಘಾಟನೆಯಾದದ್ದು 2017ರ ಜುಲೈ 9ರಂದು. ಒಂದು ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸುಗಳನ್ನು ಅಲ್ಲಿ ಮಾಡಿ ಕ್ರೆಡಿಟ್ ಪಡೆಯಲು 2021ರ ಯುಜಿಸಿ ನಿಯಮ ಅವಕಾಶ ಕೊಟ್ಟಿತು. ಮೊದಲು ಈ ಮಿತಿ ಶೇ 20 ಇತ್ತು. ಅಂಕಪಟ್ಟಿಗೆ ಸೇರುತ್ತದೆ ಎಂದಾದರೆ ಪ್ರಯೋಜನ ಕಣ್ಣಿಗೇ ಕಾಣುತ್ತದೆ.

● 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನಗರ ಪ್ರದೇಶದಲ್ಲಿ ಶೇ 42ರಷ್ಟು ಮನೆಗಳಿಗೆ ಇಂಟರ್‌ನೆಟ್ ಸೌಲಭ್ಯವಿತ್ತು, ಹಳ್ಳಿಗಳಲ್ಲಿ ಶೇ 15ರಷ್ಟಕ್ಕೆ. ಕಂಪ್ಯೂಟರ್ ಇದ್ದದ್ದು ಶೇ 4.4 ಗ್ರಾಮೀಣ ಮನೆಗಳಲ್ಲಿ. ಕಾಲೇಜುಗಳು ಆನ್‌ಲೈನ್‌ಗೆ ಹೊರಳಿದ್ದು ಇದಾದ ಎರಡೇ ವರ್ಷಕ್ಕೆ. ಅಲ್ಲಿಂದೀಚೆಗೆ ಮೊಬೈಲ್ ಡೇಟಾ ಹಳ್ಳಿಗಳಿಗೂ ಹರಡಿದೆ, ನಿಜ. ಆದರೆ ಅಂಗೈಯಗಲದ ಪರದೆಯಲ್ಲಿ ಪಾಠ ಕೇಳಬಹುದೇ ಹೊರತು ಪ್ರೋಗ್ರಾಂ ಬರೆದು ಕಲಿಯುವುದು, ಪ್ರಾಜೆಕ್ಟ್ ವರದಿ ಸಿದ್ಧಪಡಿಸುವುದು ಬಲು ಕಷ್ಟ.

ಕಾಲೇಜಿನ ಆಡಳಿತ ಮಂಡಳಿಗೆ, ಅಧ್ಯಾಪಕರಿಗೆ ಈ ಸಂಶೋಧನೆಗಳೆಲ್ಲ ಹೇಳುವುದು ಒಂದೇ ಮಾತು. ಕೋರ್ಸನ್ನು ಅರ್ಧಕ್ಕೆ ಬಿಟ್ಟ ವಿದ್ಯಾರ್ಥಿಯನ್ನು ಸೋಮಾರಿ ಎನ್ನುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದರಿಂದ ಅವಳಿಗೇನು ಪ್ರಯೋಜನ ಎಂದು ತಿಳಿಸಿದ್ದೇವೆಯೇ? ಓದಲು ಸಾಧನ, ನೆಟ್‌ವರ್ಕ್ ಇದೆಯೇ? ಸಿಕ್ಕಿಕೊಂಡಾಗ ಕೇಳಲು ಒಬ್ಬ ಮೇಷ್ಟರಿದ್ದಾರೆಯೇ? ಪಾಠ ಹಿಡಿಸಿತೇ ಎಂದಷ್ಟೇ ಕೇಳದೆ, ಕಲಿತಳೇ ಎಂದು ಪರೀಕ್ಷಿಸಿದ್ದೇವೆಯೇ? ಈ ನಾಲ್ಕಕ್ಕೂ ಹೌದು ಎನ್ನಬಲ್ಲ ಕಾಲೇಜು ಮಾತ್ರ ತಾನು ಆನ್‌ಲೈನ್ ಶಿಕ್ಷಣ ಕೊಡುತ್ತಿದ್ದೇನೆ ಎಂದು ಹೇಳಿಕೊಳ್ಳಬಹುದು.