ಪಿಂಚಣಿ ಹೋದದ್ದಕ್ಕೇ ಹುದ್ದೆ ಖಾಲಿಯೇ?

ಕಾಪು, ಕಾರ್ಕಳದ ತಾಲ್ಲೂಕು ಕಚೇರಿಯಲ್ಲಾಗಲಿ, ಮಣಿಪಾಲದ ಜಿಲ್ಲಾ ಕಚೇರಿ ರಜತಾದ್ರಿಯಲ್ಲಾಗಲಿ ಕಡತ ತಡವಾದರೆ ಕೇಳಿಬರುವ ಮಾತೊಂದಿದೆ: ಹಳೇ ಪಿಂಚಣಿ ತೆಗೆದ ಮೇಲೆ ಸರ್ಕಾರಿ ಕೆಲಸಕ್ಕೆ ಯಾರು ಬರುತ್ತಾರೆ, ಬಂದವರಾದರೂ ಯಾಕೆ ನಿಲ್ಲುತ್ತಾರೆ? ಈ ನಂಬಿಕೆ ಬಹುಮಟ್ಟಿಗೆ ತಪ್ಪು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ ಒಳಪಟ್ಟಿದ್ದಾರೆ. ಆದರೂ 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗಳಿಗೆ ಅರ್ಜಿ ಹಾಕಿದವರು ಲಕ್ಷಗಟ್ಟಲೆ. ಹಿಂದೆ ಸಿಂಡಿಕೇಟ್ ಬ್ಯಾಂಕಿನ ಕೇಂದ್ರವಾಗಿದ್ದ ಮಣಿಪಾಲಕ್ಕೆ ಇನ್ನೊಂದು ಉದಾಹರಣೆಯೂ ಗೊತ್ತು: ಸರ್ಕಾರಿ ಬ್ಯಾಂಕುಗಳಲ್ಲಿ 2010ರ ಏಪ್ರಿಲ್‌ನಿಂದ ಸೇರಿದವರಿಗೂ ಹಳೇ ಪಿಂಚಣಿಯಿಲ್ಲ, ಬ್ಯಾಂಕ್ ಪರೀಕ್ಷೆಯ ನೂಕುನುಗ್ಗಲು ಮಾತ್ರ ತಗ್ಗಿಲ್ಲ. ಇಪ್ಪತ್ತೈದರ ಹರೆಯದವರು ನೋಡುವುದು ಈಗಿನ ಸಂಬಳವನ್ನು, ಕೆಲಸದ ಭದ್ರತೆಯನ್ನು. ಅಮೆರಿಕದ ಇಲಿನಾಯ್ ಶಿಕ್ಷಕರ ಕುರಿತ ಅಧ್ಯಯನವೊಂದರಲ್ಲಿ, ಒಂದು ಡಾಲರ್ ಮೌಲ್ಯದ ಹೆಚ್ಚುವರಿ ಪಿಂಚಣಿಗೆ ಅವರು ಸರಾಸರಿ 20 ಸೆಂಟ್ ಕೊಡಲಷ್ಟೇ ಸಿದ್ಧರಿದ್ದರು. ಅಲ್ಲಿ ಕೆಲಸದಲ್ಲಿದ್ದವರೇ ಹೀಗೆ ಲೆಕ್ಕ ಹಾಕಿದ್ದರು.

ನಿಲ್ಲುವ ಪ್ರಶ್ನೆ ಬೇರೆ, ಅದರಲ್ಲಿ ಸ್ವಲ್ಪ ಸತ್ಯವಿದೆ. ಹಳೇ ಪದ್ಧತಿಯಲ್ಲಿ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಲೆಕ್ಕಕ್ಕಿಲ್ಲ. ಹಾಗಾಗಿ ಹಲವು ವರ್ಷ ದುಡಿದವರು ಬೇಸರವಾದರೂ ಕದಲುತ್ತಿರಲಿಲ್ಲ. ಎನ್‌ಪಿಎಸ್ ಖಾತೆ ನೌಕರನ ಜೊತೆಗೇ ಹೋಗುತ್ತದೆ, ಬಿಟ್ಟುಹೋಗುವುದು ಸುಲಭ. ಆದರೆ ಹೋಗಲು ಬೇರೆ ಕೆಲಸ ಬೇಕಲ್ಲ! 1953ರಿಂದ ಕೆಎಂಸಿ ವೈದ್ಯಕೀಯ ಕಾಲೇಜು ಇರುವ ಮಣಿಪಾಲದ ಆಸುಪಾಸಿನಲ್ಲಿ ತಜ್ಞ ವೈದ್ಯರಿಗೆ ಅದಿದೆ, ಗುಮಾಸ್ತರಿಗಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ತಜ್ಞರ ಕೊರತೆಯೂ 2006ಕ್ಕಿಂತ ಹಳೆಯದು. ಅದರ ಮೂಲ ಸಂಬಳದ ಅಂತರದಲ್ಲಿದೆ.

ಹಾಗಾದರೆ ಹಳೇ ಪಿಂಚಣಿಗಾಗಿ ಹೋರಾಟವೇಕೆ ಎಂದು ಕೇಳಬಹುದು. ಅದು ಮುಪ್ಪಿನ ಭದ್ರತೆಯ ಹೋರಾಟ, ನ್ಯಾಯವಾದದ್ದೇ. ಎನ್‌ಪಿಎಸ್‌ನಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ತಿಂಗಳು ತಿಂಗಳೂ ಕಡಿತವಾಗುತ್ತದೆ. ನಿವೃತ್ತಿಯಲ್ಲಿ ಸಾಮಾನ್ಯವಾಗಿ ಖಾತೆಯ ಹಣದ ಶೇ 40ರಷ್ಟನ್ನಾದರೂ ವಿಮಾ ಕಂಪನಿಯ ಆನ್ಯುಯಿಟಿಗೆ ಹಾಕಬೇಕು. ಹಳೇ ಪಿಂಚಣಿ ತುಟ್ಟಿಭತ್ಯೆಯೊಂದಿಗೆ ಏರುತ್ತದೆ, ಆನ್ಯುಯಿಟಿಗೆ ಆ ಏರಿಕೆಯಿಲ್ಲ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಹಳೇ ಪಿಂಚಣಿಯ ಅವಕಾಶ ಕೊಟ್ಟದ್ದು ಸುಮಾರು 13,000 ಮಂದಿಗೆ ಮಾತ್ರ, ಅದೂ 2006ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಆಗಿದ್ದವರಿಗೆ. ಕೇಂದ್ರದ 2025ರ ಏಕೀಕೃತ ಪಿಂಚಣಿ ಯೋಜನೆಯಾದ ಯುಪಿಎಸ್‌ನಲ್ಲಿ 25 ವರ್ಷ ದುಡಿದವರಿಗಷ್ಟೇ ಮೂಲವೇತನದ ಶೇ 50ರಷ್ಟು ಪಿಂಚಣಿಯ ಖಾತ್ರಿ. ರಾಜೀನಾಮೆ ಕೊಟ್ಟವರಿಗೆ ಅದಿಲ್ಲ. ಅಂದರೆ ನೌಕರರನ್ನು ಹಿಡಿದಿಡುವ ಹಳೆಯ ಗುಣ ಮರಳಿದೆ.

ಹಳೇ ಪಿಂಚಣಿಯ ಬೇಡಿಕೆಗೆ ಖಾಲಿ ಹುದ್ದೆಯ ನೆಪ ಬೇಕಿಲ್ಲ. ಆ ನೆಪದಿಂದ ನಷ್ಟವೇ ಹೆಚ್ಚು: ಅಧಿಸೂಚನೆ ಹೊರಡಿಸದ, ಹೊರಡಿಸಿದರೂ ವರ್ಷಗಟ್ಟಲೆ ಎಳೆಯುವ ಸರ್ಕಾರವನ್ನು ಯಾರೂ ಪ್ರಶ್ನಿಸುವುದಿಲ್ಲ. ಅಷ್ಟರಲ್ಲಿ ಆ ಕೆಲಸ ಮಾಡುತ್ತಿರುವವರು ಅತಿಥಿ ಉಪನ್ಯಾಸಕರು, ಹೊರಗುತ್ತಿಗೆ ನೌಕರರು. ಅವರಿಗೆ ಹಳೇ ಪಿಂಚಣಿಯೂ ಇಲ್ಲ, ಎನ್‌ಪಿಎಸ್ಸೂ ಇಲ್ಲ.